ಹಗೇವಿನೊಳಗಿನ ಬೆಳಕು

ಒಂದು ಸಾವಿರ ಮಳೆಗಳನ್ನು ಚೀಲದಲ್ಲಿ ಮಡಿಸಿಟ್ಟುಕೊಂಡು ನಾನು ಗುಡಗೇರಿಯ ಸ್ಟೇಷನ್ನಿನಲ್ಲಿ ಇಳಿದಿದ್ದೆ. ಮರುದಿನ ಬಿಸಿಲೇರುವ ಹೊತ್ತಿಗೆ ಶಾಂತವ್ವ ವೈನಿ ಆ ಮಳೆಗಳನ್ನೆಲ್ಲ ಮಾಳಿಗೆಯ ಮೇಲೆ ಉದ್ದಕ್ಕೂ ಹಾಸಿ, ಅವುಗಳ ಮೇಲೆ ಸಾಲಾಗಿ ಸಂಡಿಗೆ ಇಟ್ಟುಬಿಟ್ಟಿದ್ದಳು. ಕಂಪ್ಯೂಟರು ಮುದ್ರಿಸಿಕೊಟ್ಟ ಕಾಗದವದು, ಎರಡೂ ಅಂಚಿಗೆ ತೂತುಗಳ ಸಾಲು, ಎಳೆದಷ್ಟೂ ಬಿಚ್ಚಿಕೊಳ್ಳುವ ಮಡಿಕೆ. ನಾನು ಹೌಹಾರಿ ಮೇಲೆ ಓಡಿದರೆ ವೈನಿ ತಲೆಯೆತ್ತದೆಯೇ ಹೇಳಿದಳು: "ಒಂದು ಬಾಜು ಅಗದಿ ಖಾಲಿ ಐತೆವಾ. ಇನ್ನೊಂದು ಬಾಜುದ ಅಂಕಿ ಯಾರ ಓದ್ತಾರ?" ನಿಜ ಹೇಳಬೇಕೆಂದರೆ ಯಾರೂ ಓದುತ್ತಿರಲಿಲ್ಲ. ನಾನು ಮತ್ತು ನಮ್ಮ ಸರ್, ಇಬ್ಬರೇ.

ಎಂಬತ್ತರ ದಶಕದ ನಡುವಿನ ಮಾತು ಇದು. ಆಗ ನಾನು ದೂರದ ಊರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ವಿದ್ಯಾರ್ಥಿನಿ. ನನ್ನ ಕೆಲಸವನ್ನು ನಿಮಗೆ ಹೇಳುವುದು ಕಷ್ಟವಲ್ಲ, ನಂಬಿಸುವುದು ಕಷ್ಟ. ಆಕಾಶದ ಯಾವುದೋ ಮೂಲೆಯಿಂದ ಗಾಮಾ ಕಿರಣವೊಂದು ಹೊರಟು ಬಂದು ನಮ್ಮ ಗಾಳಿಯ ನೆತ್ತಿಗೆ ಬಡಿಯುತ್ತದೆ. ಬಡಿದದ್ದು ಒಡೆದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ, ನಾಲ್ಕು ನೂರಾಗಿ ಕಣಗಳ ಮಳೆಯೇ ಕೆಳಗೆ ಸುರಿಯುತ್ತದೆ. ಆ ಕಣಗಳು ಓಡುವ ದಾರಿಯಲ್ಲಿ ಗಾಳಿ ಮಂದವಾದ ನೀಲಿ ಬೆಳಕು ಸೂಸುತ್ತದೆ. ರೆಪ್ಪೆ ಬಡಿಯುವುದರ ಕೋಟಿಯಲ್ಲೊಂದು ಪಾಲಿನಷ್ಟು ಹೊತ್ತೂ ಅದು ಇರುವುದಿಲ್ಲ. ನಿಮ್ಮ ಹೊಲದ ಮೇಲೆ, ನಿಮ್ಮ ಮಾಳಿಗೆಯ ಮೇಲೆ, ನೀವು ಮಲಗಿದ ಕೌದಿಯ ಮೇಲೆ ಅದು ಬಿದ್ದು ಹೋಗಿರುತ್ತದೆ, ನಿಮಗೆ ತಿಳಿಯುವುದಿಲ್ಲ. ದೊಡ್ಡ ಕನ್ನಡಿಗಳನ್ನು ಬೆಟ್ಟದ ಮೇಲೆ ಕತ್ತಲಲ್ಲಿ ಇಟ್ಟು ಅದನ್ನು ಹಿಡಿಯುತ್ತಾರೆ. ನಮ್ಮ ಸರ್‌ಗೆ ಒಂದು ಆಸೆಯಿತ್ತು: ಆ ಕನ್ನಡಿಗಳನ್ನು ಹಿಮಾಲಯದ ಎತ್ತರಕ್ಕೆ ಒಯ್ದರೆ ಹೇಗೆ? ಅಲ್ಲಿ ಮಳೆಗೆ ಹತ್ತಿರವಾಗುತ್ತೇವೆ, ಬೆಳಕು ಅಷ್ಟು ಹರಡದೆ ದಟ್ಟವಾಗಿ ಬೀಳುತ್ತದೆ, ಇಲ್ಲಿ ಕಾಣದಷ್ಟು ಬಡ ಕಿರಣಗಳೂ ಅಲ್ಲಿ ಕಂಡಾವು. ಆದರೆ ಒಯ್ಯುವ ಮೊದಲು ಲೆಕ್ಕ ಬೇಕು. ಆ ಲೆಕ್ಕ ನನ್ನ ಪಾಲಿಗೆ ಬಂದಿತ್ತು.

ಲೆಕ್ಕವೆಂದರೆ ಜೂಜು. ಕಂಪ್ಯೂಟರಿನೊಳಗೆ ನಾನೊಂದು ಬೆಟ್ಟ ಇಡುತ್ತಿದ್ದೆ, ಬೆಟ್ಟದ ಮೇಲೊಂದು ಕನ್ನಡಿ, ಕನ್ನಡಿಯ ಮೇಲೆ ಪದರ ಪದರವಾಗಿ ಗಾಳಿ. ಮೇಲಿನಿಂದ ಒಂದು ಕಿರಣ ಬಿಡುತ್ತಿದ್ದೆ. ಅದು ಎಲ್ಲಿ ಒಡೆಯಬೇಕು, ಯಾವ ಕಡೆ ತಿರುಗಬೇಕು ಎನ್ನುವುದನ್ನು ಯಂತ್ರ ದಾಳ ಹಾಕಿ ತೀರ್ಮಾನಿಸುತ್ತಿತ್ತು. ಹೀಗೆ ಎಂದೂ ಹೊರಡದ ಕಿರಣಗಳಿಂದ, ಎಲ್ಲಿಯೂ ಇಲ್ಲದ ಬೆಟ್ಟದ ಮೇಲೆ, ಎಂದೂ ಬೀಳದ ಮಳೆಗಳು ಬೀಳುತ್ತಿದ್ದವು. ಮೊದಲ ದಾಳ ಒಂದೇ ಆಗಿದ್ದರೆ ಅದೇ ಮಳೆ ಮತ್ತೆ ಹನಿಹನಿಯೂ ತಪ್ಪದೆ ಬೀಳುತ್ತಿತ್ತು. ದಾಳ ಬದಲಿಸಿದರೆ ಬೇರೆಯದೇ ಮಳೆ. ಮಧ್ಯಾಹ್ನದ ಹೊತ್ತು, ಯಂತ್ರದ ಕೋಣೆಯ ಕೃತಕ ಚಳಿಯಲ್ಲಿ ಒಬ್ಬಳೇ ಕೂತು ಆ ಅಂಕಿಗಳನ್ನು ನೋಡುವಾಗ ಎಷ್ಟೋ ಸಲ ನನಗೆ ಬೆನ್ನಹುರಿ ಜುಮ್ಮೆಂದಿದೆ. ಆಗದಿರುವುದು ಇಷ್ಟೊಂದು ವಿವರವಾಗಿ ಇರಬಹುದೇ?

ನಾನು ಕಣಗಳ ಲೆಕ್ಕದವಳಾದರೆ ನಮ್ಮ ಈರಪ್ಪ ಕಾಕಾ ಕಣದಲ್ಲಿ ರಾಶಿ ಮಾಡುವವನು. ಅಪ್ಪನ ತಮ್ಮ. ಶಾಂತವ್ವ ವೈನಿ ಅವನ ಸೊಸೆ. ಅವಳ ಗಂಡ, ಎಂದರೆ ಕಾಕಾನ ಮಗ ಮಲ್ಲಣ್ಣ, ಕಾಳಿನ ದಲಾಲಿ ಕೆಲಸಕ್ಕೆಂದು ವಾರದ ಬಹುಪಾಲು ಹೊರಗೇ ಇರುತ್ತಿದ್ದ. ಅಪ್ಪನ ನೌಕರಿಯಿಂದಾಗಿ ನಾವು ಧಾರವಾಡದಲ್ಲಿದ್ದರೂ ನನ್ನ ಸೂಟಿಗಳೆಲ್ಲ ಕಳೆದದ್ದು ಗುಡಗೇರಿಯ ಈ ಮನೆಯಲ್ಲಿ, ಗಂಗವ್ವ ಕಾಕಿಯ ಕೈಯ ರೊಟ್ಟಿ ತಿನ್ನುತ್ತ. ಆ ಕಾಕಿ ತೀರಿಕೊಂಡು ಎರಡು ವರ್ಷವಾಗಿತ್ತು. ತೀರಿಕೊಂಡದ್ದು ಹಿತ್ತಲಿನ ಹಗೇವಿನಲ್ಲಿ.

ಹಗೇವು ಎಂದರೆ ನೆಲದೊಳಗಿನ ಕಣಜ. ಬಾಯಿ ಒಬ್ಬರು ಇಳಿಯುವಷ್ಟೇ ಅಗಲ, ಒಳಗೆ ಹೊಟ್ಟೆ ದೊಡ್ಡದು. ಜೋಳ ತುಂಬಿ, ಮೇಲೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿದರೆ ಕಾಳು ಕೆಡದೆ ಇರುತ್ತದೆ. ಆದರೆ ಮುಚ್ಚಿದ ಹಗೇವಿನ ಗಾಳಿ ಸತ್ತಿರುತ್ತದೆ. ಬಾಯಿ ತೆರೆದಮೇಲೆ ಬಹಳ ಹೊತ್ತು ಬಿಡಬೇಕು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು. ಅಂದು ಯಾಕೋ ದೀಪ ಇಳಿಸಿರಲಿಲ್ಲ. ಕಾಕಿ ಇಳಿದಳು, ಜೋಳದ ಮೇಲೆ ಕೂತಳು, ಮೇಲಿನಿಂದ ಕರೆದರೆ ಓಗೊಡಲಿಲ್ಲ. ಹೊರಗೆ ತೆಗೆದಾಗ ನಿದ್ದೆ ಬಂದವರ ಹಾಗಿದ್ದಳಂತೆ. ಆ ವರ್ಷದ ಜೋಳವನ್ನೆಲ್ಲ ಹೊರತೆಗೆದು ಹಗೇವನ್ನು ಖಾಲಿ ಬಿಟ್ಟರು. ಕಾಳು ಮನೆಯೊಳಗೆ ಚೀಲಗಳಲ್ಲಿ ಬಂದು ಕೂತಿತು.

ಇಷ್ಟನ್ನು ನಾನು ಬಲ್ಲೆ. ನನಗೆ ಗೊತ್ತಿಲ್ಲದ ಸಂಗತಿಯನ್ನು ವೈನಿ ಅಂದು ಸಂಡಿಗೆ ಇಡುತ್ತಲೇ, ದನಿ ಇಳಿಸಿ ಹೇಳಿದಳು.

"ಮಾವಾರು ದಿನಾ ಊಟಾದ ಮ್ಯಾಲೆ ಹಗೇವಿನ್ಯಾಗ ಇಳಿದು ಕುಂದರತಾರ. ದೀಪಾ ಆರಿಸಿ, ಮ್ಯಾಲೆ ಕಂಬಳಿ ಮುಚ್ಚಂತಾರ. ನಾ ಒಲ್ಲೆ ಅಂದ್ರ ಸಿಟ್ಟಿಗೇಳ್ತಾರ. ಒಳಗ ಬೆಳಕ ಕಾಣತೈತಂತ. ಅತ್ತಿ ಬರತಾಳಂತ."

"ಮಲ್ಲಣ್ಣಗ ಹೇಳೀರೇನು?"

"ಹೇಳೀನಿ. ಅವರು ಆ ಕಡೆ ಹೋಗಾಕ ಒಲ್ಲರು. ಸುತ್ತಲಿನ ಮಂದಿನೂ ಹಿತ್ತಲಕ ಬರೂದು ಬಿಟ್ಟಾರ." ಇನ್ನೊಂದು ಸಂಡಿಗೆ ಇಟ್ಟು ಮತ್ತೆ ಅಂದಳು: "ಹೋದ ವಾರ ತಮ್ಮ ನಡದಾಗಿನ ಬೆಳ್ಳಿ ಉಡದಾರ ತಗದು ನನ್ನ ಕೈಯಾಗ ಕೊಟ್ಟಾರ. ಇನ್ನ ನನಗ ಬ್ಯಾಡಾ, ಆಕಿ ಕರಿಯಾಕತ್ತಾಳ ಅಂದರು. ನನಗ ಭಾಳ ಹೆದರಿಕಿ ಆಗೇತಿ, ಸರೋಜಾ."

ಕಾಕಾನನ್ನು ಕೇಳಿದರೆ ಅವನೇನೂ ಮುಚ್ಚಿಡಲಿಲ್ಲ. ಹಿಂದಿನ ವರ್ಷ ಕಣ್ಣಿನ ಶಿಬಿರದಲ್ಲಿ ಎಡಗಣ್ಣಿನ ಪೊರೆ ತೆಗೆಸಿಕೊಂಡಿದ್ದ. ದಪ್ಪ ಗಾಜಿನ ಕನ್ನಡಕದ ಹಿಂದೆ ಆ ಕಣ್ಣು ಮೀನಿನ ಕಣ್ಣಿನಂತೆ ದೊಡ್ಡದಾಗಿ ತೇಲುತ್ತಿತ್ತು. ಹಗೇವಿನ ಗೋಡೆ ಎಲ್ಲಿ ಉದುರಿದೆ ಎಂದು ನೋಡಲು ಒಮ್ಮೆ ಇಳಿದನಂತೆ, ಎಣ್ಣೆ ತೀರಿ ದೀಪ ಆರಿತಂತೆ. ಆಗ ಬಾಜುವಿನಲ್ಲಿ ಫಕ್ಕನೆ ನೀಲಿ ಬೆಳಕು. "ಸದ್ದಿಲ್ಲಾ ಗದ್ದಲಿಲ್ಲಾ. ಕುಡಗೋಲಿನ ಅಲಗು ಹೊಳದಂಗ ಹೊಳೀತು, ಹೋತು," ಎಂದ. "ಆಕಿ ಜೋಳದ ಮ್ಯಾಲೆ ಕುಂತಿದ್ಲಲ್ಲ, ಅದ ಬಾಜೂಕ."

ಗೆಳೆಯರೇ, ನೀಲಿ ಎಂಬ ಆ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಬೇರೆ ಯಾರಾದರೂ ಆಗಿದ್ದರೆ ಮುದುಕನ ಭ್ರಮೆ ಎಂದು ನಕ್ಕು ಸುಮ್ಮನಾಗುತ್ತಿದ್ದರು. ಹಗಲಿಡೀ ಕಾಣದ ನೀಲಿ ಬೆಳಕಿನ ಲೆಕ್ಕ ಹಾಕುವವಳು ನಾನು, ನನಗೆ ನಗು ಬರಲಿಲ್ಲ. ಆಕಾಶದ ಮಳೆಯಲ್ಲಿ ಕೆಲವು ಕಣಗಳು ನೆಲಕ್ಕೆ ಬಿದ್ದರೂ ನಿಲ್ಲುವುದಿಲ್ಲ. ಮಣ್ಣಿನೊಳಗೂ ಎಷ್ಟೋ ಆಳಿನುದ್ದ ಇಳಿದುಹೋಗುತ್ತವೆ. ಅಂಥ ಕಣ ಕಣ್ಣಿನೊಳಗೆ ಹಾದುಹೋದರೆ ಮುಚ್ಚಿದ ರೆಪ್ಪೆಯೊಳಗೂ ಬೆಳಕು ಮಿಂಚಬಹುದು. ಭೂಮಿಯ ಗಾಳಿ ದಾಟಿ ಹೋದ ಅಂತರಿಕ್ಷಯಾತ್ರಿಗಳು ಇಂಥ ಮಿಂಚು ಕಂಡಿದ್ದಾರೆಂದು ಸರ್ ಹೇಳಿದ್ದರು. ಹಾಗಿದ್ದರೆ ಎಲ್ಲೋ ಯಾವುದೋ ನಕ್ಷತ್ರ ಸತ್ತಾಗ ಹೊರಟದ್ದು ಬಂದು ಗುಡಗೇರಿಯ ಹಗೇವಿನಲ್ಲಿ ಕೂತ ಮುದುಕನ ಕಣ್ಣನ್ನು ಸೇರುತ್ತಿದೆಯೇ? ಅದನ್ನು ಅವನು ಹೆಂಡತಿ ಎನ್ನುತ್ತಿದ್ದಾನೆಯೇ? ಹೇಳಲು ನಾಚಿಕೆಯಿಲ್ಲ, ಆ ವಿಚಾರ ನನಗೆ ಬಹಳ ಚೆಂದ ಕಂಡಿತು.

"ನಾನೂ ಬರ್ತೀನಿ ಕಾಕಾ," ಎಂದೆ.

ಕಂದೀಲು ಮೊದಲು ಇಳಿಯಿತು, ಅಲ್ಲಾಡದೆ ಉರಿಯಿತು. ಕಾಕಾ ಇಳಿದ, ಅವನ ಹಿಂದೆ ನಾನು, ಗೋಡೆಯಲ್ಲಿ ಕೊರೆದ ಗೂಡುಗಳಲ್ಲಿ ಕಾಲಿಡುತ್ತ. ಮೇಲೆ ಸುಡುವ ಬಿಸಿಲಿದ್ದರೂ ಒಳಗೆ ತಂಪು. ಹಳೆಯ ಜೋಳದ ಹುಳಿ ವಾಸನೆ, ಗೋಡೆಗೆ ಬಡಿದ ಹುಲ್ಲಿನ ವಾಸನೆ. ಕಾಕಾ ಮೂಲೆಯೊಂದನ್ನು ಖಾಲಿ ಬಿಟ್ಟು ನನಗೆ ಈಚೆ ಕೂಡಲು ಹೇಳಿದ. ಆ ಮೂಲೆ ಯಾರದೆಂದು ನಾನು ಕೇಳಲಿಲ್ಲ. ಕಂದೀಲು ಆರಿಸಿದ. ಮೇಲೆ ವೈನಿ ಕಂಬಳಿ ಎಳೆದಳು, ಆಕಾಶದ ದುಂಡನೆಯ ಬಿಲ್ಲೆ ಚಂದ್ರನ ಹಾಗೆ ಸವೆದು ಸವೆದು ಇಲ್ಲವಾಯಿತು.

ಕತ್ತಲೆಂದರೆ ಅಂಥ ಕತ್ತಲನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಕಣ್ಣು ತೆರೆದಿದೆಯೋ ಮುಚ್ಚಿದೆಯೋ ಎಂದು ಬೆರಳಿನಿಂದ ಮುಟ್ಟಿ ನೋಡಿಕೊಳ್ಳಬೇಕಿತ್ತು. ನನ್ನ ಉಸಿರು ಕೇಳುತ್ತಿತ್ತು, ಕಾಕಾನ ಉಸಿರು ಕೇಳುತ್ತಿತ್ತು. ಕೆಲ ಹೊತ್ತಾದ ಮೇಲೆ, ನಾವಿಬ್ಬರೂ ಉಸಿರು ಒಳಗೆಳೆದುಕೊಂಡು ತಡೆದ ಸಂದಿನಲ್ಲಿ, ಯಾರೋ ಮೆಲ್ಲಗೆ ಉಸಿರು ಬಿಟ್ಟಂತೆ ಕೇಳಿಸಿತು. ದುಂಡನೆಯ ಗೋಡೆ ನಮ್ಮದನ್ನೇ ತಡಮಾಡಿ ಹಿಂದಿರುಗಿಸುತ್ತಿದೆ, ಅಷ್ಟೇ ಎಂದುಕೊಂಡೆ. ಅಂದುಕೊಂಡದ್ದರಿಂದ ಮೈಯ ಕೂದಲು ಮಲಗಲಿಲ್ಲ.

"ಬಂತು," ಎಂದ ಕಾಕಾ.

ನನಗೆ ಏನೂ ಕಾಣಲಿಲ್ಲ.

"ಮತ್ತ ಬಂತು. ನೋಡಿದ್ಯಾ?"

"ಇಲ್ಲ ಕಾಕಾ."

"ಅಗೋ. ಅಲ್ಲೇ. ಅಗದಿ ಸನೇಕ ಬಂದ್ಲು." ಅವನ ದನಿಯಲ್ಲಿ ಹೆದರಿಕೆಯಿರಲಿಲ್ಲ. ಸಂತೆಯ ಗದ್ದಲದಲ್ಲಿ ಮನೆಯವರ ಮುಖ ಕಂಡವರ ದನಿ ಅದು. "ಮೊದಲ ಅಪರೂಪಕ್ಕ ಬರ್ತಿದ್ಲು. ಈಗ ಪದೇ ಪದೇ ಬರ್ತಾಳ. ಇನ್ನ ಭಾಳ ದಿನಾ ಇಲ್ಲ."

ಆ ಕತ್ತಲಲ್ಲಿ ಒಬ್ಬರಿಗೆ ಕಾಣುವುದು ಇನ್ನೊಬ್ಬರಿಗೆ ಕಾಣದೆ, ಒಂದೇ ಗೋಡೆಗೆ ಬೆನ್ನು ಕೊಟ್ಟು ನಾವಿಬ್ಬರೂ ಕೂತಿದ್ದೆವು. ಕೊನೆಗೆ ನಾನೇ ಕೂಗಿ ಕಂಬಳಿ ತೆಗೆಸಿದೆ. ಮೇಲೆ ಬಂದಾಗ ವೈನಿ ಒಂದು ಚೊಂಬು ನೀರು ಕೊಟ್ಟಳು.

ಆ ಸಂಜೆ ಕಟ್ಟೆಯ ಮೇಲೆ ಕೂತು ನಾನು ಮಾಡಿದ್ದು ನನಗೆ ಕಲಿಸಿದ್ದನ್ನೇ. ಬೆಟ್ಟದ ಮೇಲಿನ ಕನ್ನಡಿಗೆ ಗಾಮಾ ಕಿರಣದ ಮಳೆಯೊಂದೇ ಕಾಣುವುದಿಲ್ಲ; ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿ ಬೇರೆ ಕಣಗಳ ಮಳೆ ಎಲ್ಲ ದಿಕ್ಕಿನಿಂದ ಬೀಳುತ್ತಿರುತ್ತದೆ. ಆದ್ದರಿಂದ ಬೆಳಕು ಕಂಡೊಡನೆ ಕುಣಿಯಕೂಡದು. ನಾನು ನೆನೆಸಿದ್ದೇ ನಿಜವಾಗಿದ್ದರೆ ಏನು ಕಾಣಬೇಕಿತ್ತು, ಅದು ನಿಜವಲ್ಲದಿದ್ದರೆ ಏನು ಕಾಣುತ್ತಿತ್ತು ಎಂದು ಎರಡನ್ನೂ ಮಳೆಯ ಹಾಗೆ ಬೀಳಿಸಿ ನೋಡಬೇಕು. ನನ್ನ ಚೆಂದದ ವಿಚಾರವನ್ನೂ ಹಾಗೆಯೇ ಬೀಳಿಸಿ ನೋಡಿದೆ. ಆಕಾಶದ ಕಣಗಳು ಅಷ್ಟು ಪದೇ ಪದೇ ಬರಲಾರವು; ಹಿಮಾಲಯದ ನೆತ್ತಿಯಲ್ಲೂ ಬರಲಾರವು, ಇನ್ನು ನಮ್ಮ ಕರಿಮಣ್ಣಿನ ಯರಿಭೂಮಿಯ ತಗ್ಗಿನಲ್ಲಿ ಎಲ್ಲಿಂದ? ಬಂದರೂ ಅವಕ್ಕೆ ಎಡವೂ ಒಂದೇ ಬಲವೂ ಒಂದೇ. ಎರಡೂ ಕಣ್ಣಿಗೆ ಬರಬೇಕು, ಎಲ್ಲ ದಿಕ್ಕಿಗೂ ಮಿಂಚಬೇಕು. ಕಾಕಾನ ಬೆಳಕು ಯಾವಾಗಲೂ ಒಂದೇ ಬಾಜುವಿಗೆ.

ಮರುದಿನ ಬೆಳಿಗ್ಗೆ ಪಡಸಾಲೆಯಲ್ಲೇ ಕಾಕಾನನ್ನು ಕೂಡಿಸಿ ತಲೆಯ ಮೇಲೆ ದಪ್ಪ ಕಂಬಳಿ ಹೊದಿಸಿದೆ. "ಇದೇನ ಲೇ ಹುಚ್ಚಾಟ!" ಎಂದು ಬೈದರೂ ಕೂತ.

"ಎಡಕ್ಕ ನೋಡು ಕಾಕಾ. ತಲಿ ಹೊರಳಿಸಬ್ಯಾಡ. ಕಣ್ಣಷ್ಟ ಹೊರಳಿಸು."

ಕಂಬಳಿಯೊಳಗಿಂದ ಕಾಕಾ ಕೇಳಿದ: "ಇಲ್ಲೂ ಬಂದ್ಲಲ್ಲ?"

"ಇನ್ನೊಮ್ಮೆ ಹೊರಳಿಸು."

"ಬಂತು."

"ಈಗ ಕಣ್ಣ ಅಲ್ಲಾಡಿಸಬ್ಯಾಡ. ಸುಮ್ಮನ ಕುಂದರು."

ಬೆಳಕು ಬರಲಿಲ್ಲ. ಹೊರಳಿಸು ಎಂದಾಗ ಬಂತು, ಬೇಡವೆಂದಾಗ ಬರಲಿಲ್ಲ. ಎಡಗಣ್ಣಿಗಷ್ಟೇ, ಎಡ ಮೂಲೆಗಷ್ಟೇ ಎಂದ. ಕಂಬಳಿ ತೆಗೆದಾಗ ಕಾಕಾ ನನ್ನ ಮುಖವನ್ನೇ ನೋಡುತ್ತಿದ್ದ. ಕೆಟ್ಟ ಸುದ್ದಿ ತಂದವರನ್ನು ಹಾಗೆ ನೋಡುತ್ತಾರೆ.

"ಹಂಗಾರ ಅಲ್ಲಿದ್ದಾಕಿ ಆಕಿ ಅಲ್ಲೇನು?"

ನಾನು ಉತ್ತರಿಸುವ ಬದಲು ಮತ್ತೊಂದು ಕೇಳಿದೆ: ಬೇರೇನಾದರೂ ಕಾಣುತ್ತದೆಯೇ? ಕೆಲವು ದಿನಗಳಿಂದ ಕರಿ ನೊಣಗಳು ಹಾರಿದಂತೆ ಕಾಣುತ್ತಿದೆ ಎಂದ. ಮೂಗಿನ ಕಡೆಯಿಂದ ಯಾರೋ ಪರದೆ ಎಳೆಯಲು ಹಿಡಿದಂತಿದೆ ಎಂದ. ವೈದ್ಯಕೀಯ ನನಗೆ ಗೊತ್ತಿರಲಿಲ್ಲ. ಆದರೆ ಈ ಬೆಳಕು ಆಕಾಶದ್ದಲ್ಲ, ಹಗೇವಿನದ್ದೂ ಅಲ್ಲ, ಕಣ್ಣಿನದ್ದೇ ಎಂಬುದು ಗೊತ್ತಾಗಿತ್ತು. "ಇವತ್ತ ಹುಬ್ಬಳ್ಳಿಗೆ ಹೋಗೂಣು," ಎಂದೆ. ಒಲ್ಲೆನೆಂದ. ಬೇಡಿಕೊಂಡರೂ ಏಳಲಿಲ್ಲ. ಕೊನೆಗೆ ವೈನಿ, ಮಾವನೆದುರು ದನಿಯೆತ್ತದ ವೈನಿ, ಬೆಳ್ಳಿಯ ಉಡದಾರ ತಂದು ಅವನ ಮುಂದೆ ಇಟ್ಟಳು. "ಇದನ್ನ ಕಟಗೊಂಡು ನಡೀರಿ. ಇಲ್ಲಾಂದ್ರ ನಾ ತವರಿಗೆ ಹೊಂಟೆ. ಆ ಹಗೇವಿನ ಬಾಜೂಕ ಇನ್ನ ನಾ ಒಬ್ಬಾಕಿ ಇರೂದಿಲ್ಲ," ಎಂದಳು. ಕಾಕಾ ಎದ್ದ.

ಹುಬ್ಬಳ್ಳಿಯ ಕಣ್ಣಿನ ಡಾಕ್ಟರರು ದೀಪ ಹಿಡಿದು ಬಹಳ ಹೊತ್ತು ನೋಡಿದರು. ಕಣ್ಣಿನ ಹಿಂಬದಿಯ ಪರದೆ ಹರಿದು, ಗೋಡೆಯ ಸುಣ್ಣ ಬಿಟ್ಟುಕೊಳ್ಳುವ ಹಾಗೆ ಬಿಟ್ಟುಕೊಳ್ಳುತ್ತಿದೆ; ಪೊರೆ ತೆಗೆಸಿದವರಲ್ಲಿ ಕೆಲವರಿಗೆ ಹೀಗಾಗುವುದುಂಟು, ಯಾರ ತಪ್ಪೂ ಅಲ್ಲ; ಆ ಪರದೆ ಎಳೆದಾಗಲೆಲ್ಲ ಕಣ್ಣು ಅದನ್ನು ಬೆಳಕೆಂದು ತಿಳಿಯುತ್ತದೆ ಎಂದರು. ಇನ್ನಷ್ಟು ದಿನ ಬಿಟ್ಟಿದ್ದರೆ ಆ ಕಣ್ಣು ಹೋಗುತ್ತಿತ್ತು. ಬಲಗಣ್ಣಿನ ಪೊರೆ ಬಲಿತು ಅದು ಮೊದಲೇ ಮಂಜಾಗಿತ್ತು. ದೊಡ್ಡ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮಲ್ಲಣ್ಣ ಬಂದು ಹಗಲೂ ರಾತ್ರಿ ಹಾಸಿಗೆಯ ಬಳಿ ಕೂತ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆ ಅಲ್ಲಾಡದಂತೆ ಎರಡೂ ಕಡೆ ಮರಳಿನ ಚೀಲ ಇಟ್ಟು ಕಾಕಾನನ್ನು ಅಂಗಾತ ಮಲಗಿಸಿದ್ದರು. ನಾನು ಹೊರಡುವ ದಿನ ಹೇಳಿಹೋಗಲು ಬಂದಾಗ ಅವನು ಅಂದದ್ದು ಒಂದೇ ಮಾತು.

"ಕಣ್ಣ ಉಳಿಸಿದಿ ಮಗಳ. ಆಕಿನ್ನ ಕಳದಿ."

ಆ ಮಾತನ್ನು ಹೊತ್ತುಕೊಂಡೇ ನಾನು ಯಂತ್ರದ ಕೋಣೆಗೆ ಹಿಂದಿರುಗಿದೆ. ಆ ತಿಂಗಳುಗಳಲ್ಲಿ ನನ್ನ ಬೆಟ್ಟ ಎತ್ತರವಾಗುತ್ತ ಹೋಯಿತು, ಬೆಳಕು ದಟ್ಟವಾಗುತ್ತ ಹೋಯಿತು, ಸರ್‌ಗೆ ಸಂತೋಷವಾಯಿತು. ನನಗೆ ಮಾತ್ರ ಒಂದು ಅನುಮಾನ ಹತ್ತಿಕೊಂಡಿತ್ತು. ಕಂಡದ್ದರಲ್ಲಿ ಯಾವುದು ನಿಜವಲ್ಲವೆಂದು ಸೋಸುವುದೇ ನನ್ನ ವಿದ್ಯೆ. ಸೋಸಿ ಎಸೆದದ್ದು ಎಲ್ಲಿಗೆ ಹೋಗುತ್ತದೆ? ನಾವು ಗದ್ದಲವೆಂದು ಕಳೆದುಬಿಡುವ ಆ ಲೆಕ್ಕವಿಲ್ಲದ ಮಳೆಗಳೂ ಎಲ್ಲಿಂದಲೋ ಹೊರಟು ಬಂದವೇ ಅಲ್ಲವೇ? ಅವಕ್ಕೆ ನಮ್ಮಲ್ಲಿ ಹೆಸರಿಲ್ಲ, ಅಷ್ಟೇ.

ದೀಪಾವಳಿಗೆ ಗುಡಗೇರಿಗೆ ಹೋದೆ. ಹೊಸ ಕನ್ನಡಕದಲ್ಲಿ ಕಾಕಾ ಹೊಲಕ್ಕೆ ಹೋಗಿ ಬರುತ್ತಿದ್ದ, ಎತ್ತಿನ ಹಗ್ಗ ತಾನೇ ಹೊಸೆಯುತ್ತಿದ್ದ. ಬೆಳಕು ಮತ್ತೆ ಬಂದಿರಲಿಲ್ಲ. ಪಟ್ಟಿ ಬಿಚ್ಚಿ ಮನೆಗೆ ಬಂದ ದಿನವೇ ಹಗೇವಿನೊಳಗೆ ಇಳಿದು ಬಹಳ ಹೊತ್ತು ಕೂತು, ಮೇಲೆ ಬಂದು, ಇನ್ನು ಕಲ್ಲು ಮುಚ್ಚಿಬಿಡಿ ಎಂದನಂತೆ. ಮಧ್ಯಾಹ್ನ ಪಡಸಾಲೆಯಲ್ಲಿ ನಾವಿಬ್ಬರೇ ಇದ್ದಾಗ, ಹಗ್ಗ ಹೊಸೆಯುವುದನ್ನು ನಿಲ್ಲಿಸಿ ಕೇಳಿದ.

"ನಿನ್ನ ಮಷೀನಿನ್ಯಾಗ ಬೀಳದ ಮಳಿ ಬೀಳಸ್ತಿ ಅಂದಿದ್ದೆಲ್ಲ, ಸರೋಜಾ?"

"ಹೌದು ಕಾಕಾ."

"ಒಂದು ಮಳಿ ಸರಿ ಬೀಳಲಿಲ್ಲಂದ್ರ ಮತ್ತ ಮೊದಲಿಂದ ಬೀಳಸ್ತಿ?"

"ಎಷ್ಟು ಸಲಾ ಬೇಕಾದರೂ."

"ಹಂಗಾರ ಆ ದಿವಸ ಐತೆಲ್ಲ..." ಎಂದವನು ತಡೆದ. "ಆ ದಿವಸಾನ ಮತ್ತೊಮ್ಮೆ ಬೀಳಸಾಕ ಬರತೈತೇನು?"

ಯಾವ ದಿವಸವೆಂದು ಕೇಳಬೇಕಾಗಿರಲಿಲ್ಲ. "ಮಷೀನಿನ ಒಳಗ ಬರತೈತಿ ಕಾಕಾ. ಹೊರಗ ಬರೂದಿಲ್ಲ," ಎಂದೆ.

"ಒಳಗರ ಬೀಳಸು. ಸಾವಿರ ಸಲಾ ಬೀಳಸು. ಸಾವಿರದಾಗ ಎಷ್ಟು ಸಲಾ ಉಳೀತಾಳ ಆಕಿ?"

ಕಾಕಾನೇ ಹೇಳಿದ, ಹಗ್ಗದ ಎಳೆಯನ್ನು ನೋಡುತ್ತ.

"ದೀಪಾ ಇಳಿಸಿದ್ರ ಸಾವಿರ ಸಲಾನೂ ಉಳೀತಾಳ. ಇಳಸಲಿಲ್ಲಾಂದ್ರ ಒಂದ ಸಲಾನೂ ಇಲ್ಲ. ಆಕಿ ಅವತ್ತ ಕಂದೀಲು ಹುಡಕಾಕತ್ತಿದ್ಲು. ಬೆಳಿಗ್ಗಿಂದ ತೆರದ ಐತಿ, ಹೊತ್ತಾತು, ಇಳಿ ಅಂದಾಂವ ನಾನ."

ಎರಡು ವರ್ಷದಿಂದ ಈ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ. ಹಗೇವಿನಲ್ಲಿ ಇಳಿದು ಆ ಬೆಳಕಿಗಷ್ಟೇ ಹೇಳುತ್ತಿದ್ದನೇನೋ. ಪದೇ ಪದೇ ಬರುವ ಹೆಂಡತಿ ಸಿಟ್ಟಿಲ್ಲದೆ ಬರುತ್ತಾಳೆಂದು ನಂಬಿದ್ದನೇನೋ. ಅದನ್ನೇ ನಾನು ಕಂಬಳಿ ಹೊದಿಸಿ, ಎಡಕ್ಕೆ ನೋಡು ಬಲಕ್ಕೆ ನೋಡು ಎಂದು, ಒಂದೇ ಬೆಳಿಗ್ಗೆಯಲ್ಲಿ ಸೋಸಿ ತೆಗೆದುಹಾಕಿದ್ದೆ. ಮಾಡಿದ್ದು ತಪ್ಪೆಂದು ಇವತ್ತಿಗೂ ನನಗೆ ಅನಿಸುವುದಿಲ್ಲ. ಆದರೂ ಅಂದು ಅವನ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದೆ. ಅವನೂ ಕೈ ಬಿಡಿಸಿಕೊಳ್ಳಲಿಲ್ಲ.

ಒಳಗಿನಿಂದ ವೈನಿ ಊಟಕ್ಕೆ ಕರೆದಳು. "ನೀ ಹೋಗು, ನಾ ಬರ್ತೀನಿ," ಎಂದ ಕಾಕಾ. ನಾನು ಬಾಗಿಲ ಹೊಸ್ತಿಲಿನವರೆಗೆ ಹೋಗಿ ತಿರುಗಿ ನೋಡಿದೆ. ಅವನು ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡು ಎರಡೂ ಕಣ್ಣು ಮುಚ್ಚಿದ್ದ. ಮುಚ್ಚಿದ ರೆಪ್ಪೆಯ ಕೆಳಗೆ ಎಡಗಣ್ಣಿನ ಗುಡ್ಡೆ ಮೆಲ್ಲಗೆ ಎಡ ಮೂಲೆಗೆ ಹೊರಳಿತು, ಅಲ್ಲಿ ಕೆಲ ಹೊತ್ತು ನಿಂತಿತು, ಹಿಂದೆ ಬಂದಿತು, ಮತ್ತೆ ಹೊರಳಿತು.